ಬಾಗಿಲ ಬದಿಯ ಕಂಬಿ

ಮಂಡ್ಯ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ದೀಪಿಕ ಮಾಡುವ ನಮಸ್ಕಾರ. ಹರಿದು ಹಾಕುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿದು ಹಾಕು. ನೀನು ಒಂದು ತಿಂಗಳಿಂದ ನನ್ನ ಫೋನ್ ಎತ್ತುತ್ತಿಲ್ಲ, ವಾಟ್ಸಾಪಿನಲ್ಲಿ ಕಳಿಸಿದ್ದೆಲ್ಲ ನಿನಗೆ ಮುಟ್ಟದೆ ಹಾಗೇ ನಿಂತಿದೆ. ಅದಕ್ಕೇ ಕಾಗದ ಬರೆದು ಶಿವರಾಜು ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನನ್ನನ್ನು ಕಟ್ಟಿಕೊಂಡ ತಪ್ಪಿಗೆ ಪಾಪ ಅವರು ಟಪಾಲಿನವರೂ ಆಗಬೇಕಾಯಿತು. ನನ್ನ ಅಕ್ಷರದ ಬಗ್ಗೆ ಏನೂ ಅನ್ನಬೇಡ. ಇಡೀ ದಿನ ಮಕ್ಕಳ ಕಾಪಿ ತಿದ್ದುವವಳಿಗೆ ನನ್ನದು ಕೋಳಿ ಕೆದಕಿದ ಹಾಗೆ ಕಾಣುತ್ತದೆ ಅಂತ ಗೊತ್ತು.

ಸೋಮವಾರ ಅವ್ವನ ಕೈಯ ಪಟ್ಟಿ ಬಿಚ್ಚಿಸುವುದಕ್ಕೆ ಮಂಡ್ಯದ ಆಸ್ಪತ್ರೆಗೆ ಬರುತ್ತಿದ್ದೀರಿ, ಬಾಡಿಗೆ ಕಾರು ಹೇಳಿದ್ದೀಯ ಅಂತ ಶಿವರಾಜು ಹೇಳಿದರು. ಬಾಡಿಗೆ ಕಾರು ಬೇಡ ಅಕ್ಕ. ಅಪ್ಪನ ಕಾರಿನಲ್ಲೇ ಅವ್ವನನ್ನು ಕರೆದುಕೊಂಡು ಬರೋಣ. ನಾನೇ ಬರುತ್ತೇನೆ. ಇದನ್ನು ಕೇಳುವ ಮುಖ ನನಗಿಲ್ಲ. ‘ಅವ್ವ ಇನ್ನು ಆ ಕಾರು ಹತ್ತೋದಿಲ್ಲ, ಅವಳನ್ನೂ ಈ ಕಡೆ ಬರಬೇಡ ಅನ್ನಿ’ ಅಂತ ನೀನು ಇವರ ಹತ್ತಿರ ಹೇಳಿ ಕಳಿಸಿದ್ದು ನನಗೆ ತಲುಪಿದೆ. ಆದರೂ ಕೇಳುತ್ತಿದ್ದೇನೆ. ಕೇಳುವುದಕ್ಕೆ ಮುಂಚೆ ನಾನು ಏನು ಮಾಡಿದೆ ಅನ್ನುವುದನ್ನು ಸರಿಯಾಗಿ ಹೇಳಬೇಕು. ಅವತ್ತು ನಿನ್ನ ಮುಂದೆ ಹೇಳಿದ್ದು ಸರಿಯಾದದ್ದಲ್ಲ.

ಯುಗಾದಿಯ ಮಾರನೇ ದಿನ ನೀನು ಕಾರಿನ ಕೀ ನನ್ನ ಕೈಗೆ ಕೊಟ್ಟೆಯಲ್ಲ, ಆಗ ಏನು ಹೇಳಿದೆ ಅಂತ ನನಗೆ ನೆನಪಿದೆ. ‘ಅಪ್ಪ ಹೋದ್ಮೇಲೆ ಹೊಂಗೆ ಮರದ ಕೆಳಗೆ ನಿಂತೇ ಇದೆ ಕಣೇ. ಬ್ರೇಕು ಬ್ಯಾಟರಿ ನೋಡ್ಸು. ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಬರೋ ಹಂಗಾದ್ರೆ ಸಾಕು’ ಅಂದೆ. ಸಾಕು ಅನ್ನುವ ಮಾತು ನಮ್ಮಂಥವರ ಕಿವಿಗೆ ಬೀಳುವುದಿಲ್ಲ. ಬ್ರೇಕು ಬ್ಯಾಟರಿ ಒಂದು ವಾರದಲ್ಲಿ ಆಯಿತು. ಅವತ್ತೇ ತಂದು ನಿಮ್ಮ ಬಾಗಿಲಿಗೆ ನಿಲ್ಲಿಸಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ.

ನನ್ನ ಹುಚ್ಚು ನಿನಗೆ ಹೊಸದಲ್ಲ. ವಿ.ಸಿ. ಫಾರಂನಲ್ಲಿ ನಾನು ಕೆಲಸ ಮಾಡುವ ಬೀಜದ ಲ್ಯಾಬಿನ ಮುಂದೆ ಎಲ್ಲರ ಕಾರುಗಳೂ ಗುಂಡಿ ಒತ್ತಿದರೆ ಸದ್ದಿಲ್ಲದೆ ಹೊರಡುತ್ತವೆ. ನನ್ನ ಮಾರುತಿ ಎಂಟ್ನೂರು ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದರೆ ಮೂರು ಸಲ ಕೆಮ್ಮಿ, ನಾಲ್ಕನೇ ಸಲ ‘ಆಯ್ತು ನಡಿಯವ್ವ’ ಅನ್ನುತ್ತದೆ. ಅದನ್ನು ಕೇಳಿದರೆ ನನಗೆ ಇಡೀ ದಿನ ಹೊಟ್ಟೆ ತುಂಬಿದ ಹಾಗೆ. ತಿಂಗಳಿಗೊಂದು ಭಾನುವಾರ ನಮ್ಮ ಹಳೇ ಗಾಡಿ ಬಳಗದವರು ಮದ್ದೂರಿನಲ್ಲಿ ಸೇರುತ್ತೇವೆ. ವಡೆ ತಣ್ಣಗಾಗುತ್ತಿರುತ್ತದೆ, ನಾವು ಯಾರದೋ ಕಾರಿನ ಬಾನೆಟ್ಟಿಗೆ ತಲೆ ತೂರಿಸಿಕೊಂಡು ನಿಂತಿರುತ್ತೇವೆ. ‘ಗಂಡಸರ ಮಧ್ಯೆ ನಿನಗೇನೇ ಕೆಲಸ’ ಅಂತ ನೀನು ಬೈದಿದ್ದೆ. ನಾನು ಅಪ್ಪ ಓಡಿಸುತ್ತಿದ್ದ ಬಸ್ಸಿನಲ್ಲಿ ಬೆಳೆದವಳು, ಇನ್ನೇನು ಮಾಡಲಿ. ಮಳವಳ್ಳಿಯಿಂದ ಬೆಳಕವಾಡಿ ದಾರಿಯಲ್ಲಿ ಎಂಜಿನ್ ಮುಂದಕ್ಕೆ ಚಾಚಿದ ಆ ಮೂತಿ ಬಸ್ಸು ಹೋಗುತ್ತಿದ್ದರೆ ಅಪ್ಪನ ಪಕ್ಕದ ಪೆಟ್ಟಿಗೆ ಮೇಲೆ ಕೂತು, ಗೇರು ಬದಲಿಸುವಾಗ ಅವನ ಮೊಣಕೈ ನನ್ನ ತಲೆಗೆ ತಾಗಲಿ ಅಂತ ಕಾಯುತ್ತಿದ್ದೆ. ನೀನು ಹಿಂದೆ ಕಿಟಕಿ ಪಕ್ಕ, ಡೀಸೆಲ್ ವಾಸನೆಗೆ ಮೂಗು ಮುಚ್ಚಿಕೊಂಡು, ನಿಂಬೆಹಣ್ಣು ಹಿಡಿದುಕೊಂಡು ಕೂತಿರುತ್ತಿದ್ದೆ.

ನಮ್ಮ ಬಳಗದಲ್ಲಿ ಒಂದು ಕಟ್ಟಳೆ ಇದೆ. ದುಡ್ಡಿಗೆ ಸಾಮಾನು ಮಾರುವ ಹಾಗಿಲ್ಲ, ಸಾಮಾನಿಗೆ ಸಾಮಾನು. ನಿನ್ನ ಹತ್ತಿರ ಇರುವ ಹಳೇ ಲೈಟು ನನಗೆ ಬೇಕಾದರೆ ನನ್ನ ಹತ್ತಿರ ಇರುವ ಕನ್ನಡಿ ನಿನಗೆ. ಕೈ ಬದಲಾದ ಮೇಲೆ ವಾಪಸ್ ಕೇಳುವಂತಿಲ್ಲ. ಈ ಕಟ್ಟಳೆ ಮಾಡಿದವಳು ನಾನೇ. ಇನ್ನೊಂದು ಮಾತನ್ನೂ ಹೊಸಬರಿಗೆಲ್ಲ ನಾನೇ ಹೇಳಿಕೊಡುತ್ತೇನೆ: ಗಾಡಿ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕು, ಆಮೇಲೆ ಸೇರಿಸಿದ್ದೆಲ್ಲ ಕಸ. ಈ ಮಾತನ್ನು ನಾನು ಎಷ್ಟು ಗತ್ತಿನಿಂದ ಹೇಳುತ್ತಿದ್ದೆ ಅಂತ ನೆನೆಸಿಕೊಂಡರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹಾಗೆ ಅಪ್ಪನ ಕಾರನ್ನು ಕಾರ್ಖಾನೆಯಿಂದ ಬಂದ ಹಾಗೆ ಮಾಡುವುದಕ್ಕೆ ಕೂತೆ. ಮುಂದಿನ ಗಾಜಿಗೆ ಅಂಟಿಸಿದ್ದ ಮಾದಪ್ಪನ ಪಟ ಕೆರೆದೆ. ಅಪ್ಪ ಹೆಣೆಸಿ ಹಾಕಿದ್ದ ಪ್ಲಾಸ್ಟಿಕ್ ವೈರಿನ ಸೀಟು ತೆಗೆದೆ. ಎಡಗಡೆ ಹಿಂಬಾಗಿಲು ಬೇರೆ ಬಣ್ಣದ್ದಿತ್ತಲ್ಲ, ಅದಕ್ಕೂ ಹೊಂದುವ ಬಣ್ಣ ಕೊಡಿಸಿದೆ. ಆಮೇಲೆ ಆ ಕಂಬಿಗೆ ಬಂದೆ.

ಆ ಕಂಬಿ ಅಲ್ಲಿಗೆ ಹೇಗೆ ಬಂತು ಅಂತ ನಿನಗೂ ಗೊತ್ತು. ಬಸ್ಸನ್ನು ಮಾಲೀಕರು ಮೂಲೆಗೆ ಹಾಕಿದಾಗ ಅಪ್ಪ ಬೇರೇನೂ ಕೇಳದೆ ಮುಂಬಾಗಿಲಲ್ಲಿ ಜನ ಹಿಡಿದು ಹತ್ತುತ್ತಿದ್ದ ಕಂಬಿಯೊಂದನ್ನು ತಂದು ಅಟ್ಟದ ಮೇಲೆ ಇಟ್ಟಿದ್ದ. ಅವ್ವನಿಗೆ ಮಂಡಿನೋವು ಶುರುವಾಗಿ, ತಗ್ಗಿನ ಸೀಟಿನಿಂದ ಏಳಲಾರದೆ ಕಾರಿನೊಳಗೇ ಕೂತುಬಿಡುತ್ತಿದ್ದಳಲ್ಲ, ಆಗ ಅದನ್ನು ಇಳಿಸಿ ಗೇಣುದ್ದಕ್ಕೆ ಕೊಯ್ದು, ಮುಂದಿನ ಎಡಬಾಗಿಲ ಬದಿಯಲ್ಲಿ, ಅವಳ ಮೊಣಕಾಲಿನ ಎತ್ತರಕ್ಕೆ ನಾಲ್ಕು ಬೋಲ್ಟು ಹಾಕಿ ಬಿಗಿದ. ಅವ್ವ ಅದನ್ನು ಹಿಡಿದು ಒಂದೇ ಸಲಕ್ಕೆ ಎದ್ದು ನಿಂತಳು. ‘ಬಸ್ಸಲ್ಲಿ ಊರವ್ರೆಲ್ಲ ಇಡ್ಕೊಂಡ್ರು. ಇನ್ಮೇಕೆ ಇವ್ಳೊಬ್ಳೇ ಇಡ್ಕಳ್ಳಿ ಬುಡು’ ಅಂತ ಅಪ್ಪ ಅಂದದ್ದಕ್ಕೆ ಅವ್ವ ನಾಚಿಕೊಂಡು ಒಳಗೆ ಹೋದಳು. ನಾವಿಬ್ಬರೂ ನಕ್ಕೆವು. ಅದನ್ನು ನೋಡಿದವಳು ನಾನು ಅಕ್ಕ. ಅದು ಯಾತಕ್ಕೆ ಇದೆ ಅಂತ ಗೊತ್ತಿಲ್ಲದವಳು ಯಾರೋ ಅಲ್ಲ.

ಆಯುಧಪೂಜೆ ಕಳೆದ ಭಾನುವಾರ ಗಾಡಿ ತಂದೆ. ಚೆಂಡುಹೂವಿನ ಹಾರ, ಹಿಂದಿನ ಗಾಜಿನ ಹತ್ತಿರ ಆ ಕಾರಿಗೆ ಮೇಳದಲ್ಲಿ ಬಂದ ಬಹುಮಾನದ ಕಪ್ಪು. ಅವ್ವ ಹೊರಗೆ ಬಂದು ನೋಡಿ, ‘ಯಾರ್ ಗಾಡಿ ತಂದ್ಯವ್ವ? ನಮ್ದೇನಾಯ್ತು?’ ಅಂತ ಕೇಳಿದಳು. ಇದೇ ನಮ್ಮದು ಅಂದಾಗ ಸುತ್ತ ಒಂದು ಸಲ ನೋಡಿ, ‘ಲೋಟ ಚೆಂದಾಗದೆ’ ಅಂದಳು. ಬಹುಮಾನಕ್ಕೆ ಅಷ್ಟೇ ಮರ್ಯಾದೆ ಸಿಕ್ಕಿತು. ನಾನು ಅಲ್ಲಿಯೇ ಎಚ್ಚರವಾಗಬೇಕಿತ್ತು. ನಗುತ್ತಾ ಅವಳನ್ನು ಕೂರಿಸಿಕೊಂಡು ಬೆಳಕವಾಡಿಗೆ ಒಂದು ಸುತ್ತು ಹೋದೆ. ಅವಳು ದಾರಿಯುದ್ದಕ್ಕೂ ಕಿಟಕಿಯಾಚೆ ಗದ್ದೆ ನೋಡಿಕೊಂಡು, ಬರುವಾಗ ಯಾರೋ ಕೊಟ್ಟ ಸೊಪ್ಪಿನ ಚೀಲ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ಖುಷಿಯಾಗಿದ್ದಳು ಅಕ್ಕ. ಅಪ್ಪ ಬಸ್ಸು ತಿರುಗಿಸುತ್ತಿದ್ದ ಜಾಗ ತೋರಿಸಿದಳು.

ಮನೆ ಮುಂದೆ ನಿಲ್ಲಿಸಿದಾಗ ನಾನು ಇಳಿದು ಅವಳ ಕೈ ಹಿಡಿಯಬೇಕಿತ್ತು. ಬದಲಿಗೆ ಮೊಬೈಲ್ ಹಿಡಿದುಕೊಂಡು ಕಾರಿನ ಮುಂದೆ ಹೋಗಿ ನಿಂತೆ. ಹಾರ ಹಾಕಿದ ಕಾರು, ಬಾಗಿಲು ತೆಗೆದು ಇಳಿಯುತ್ತಿರುವ ಅವ್ವ, ಬಳಗದವರಿಗೆ ಕಳಿಸುವುದಕ್ಕೆ ಒಳ್ಳೆಯ ಫೋಟೋ ಅಂತ. ಅವಳು ಕಾಲು ಹೊರಗಿಟ್ಟು, ಮೈ ಮುಂದಕ್ಕೆ ಬಿಟ್ಟು, ಬಲಗೈಯನ್ನು ಕಂಬಿಗೆ ಚಾಚಿದಳು. ಕೈ ಗಾಳಿಯಲ್ಲಿ ಹುಡುಕಿತು. ಒಂದು ಸಲ, ಇನ್ನೊಂದು ಸಲ. ಆಮೇಲೆ ಮೋರಿ ಚಪ್ಪಡಿ ಮೇಲೆ ಬಿದ್ದಳು. ನೀನು ಒಳಗಿಂದ ಓಡಿ ಬಂದಾಗ ನನ್ನ ಕೈಯಲ್ಲಿ ಮೊಬೈಲ್ ಇನ್ನೂ ಎತ್ತಿ ಹಿಡಿದ ಹಾಗೇ ಇತ್ತು. ನೀನು ಅದನ್ನು ನೋಡಿದೆ. ನಿನ್ನ ಮುಖ ನನಗೆ ಮರೆಯುವುದಿಲ್ಲ.

‘ಕಂಬಿ ಎಲ್ಲೇ?’ ಅಂತ ನೀನು ಕೇಳಿದೆ. ನಾನು, ಪೇಂಟ್ ಮಾಡುವಾಗ ಮದ್ದೂರಿನ ಗ್ಯಾರೇಜಿನ ಅದ್ನಾನ್ ಬಿಚ್ಚಿದ್ದ, ಮತ್ತೆ ಹಾಕುವುದು ಮರೆತಿದ್ದಾನೆ ಅಂದೆ. ಅಷ್ಟು ಬೇಗ, ಅಷ್ಟು ಸಲೀಸಾಗಿ ಅದು ನನ್ನ ಬಾಯಿಂದ ಬಂತು. ಅದ್ನಾನ್ ಬಿಚ್ಚಿದ್ದಲ್ಲ ಅಕ್ಕ. ನಾನೇ ನಮ್ಮ ಮನೆ ಶೆಡ್ಡಿನಲ್ಲಿ ಕೂತು, ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಒಂದು ಮಧ್ಯಾಹ್ನವೆಲ್ಲ ಒದ್ದಾಡಿ ಬಿಚ್ಚಿದೆ. ತೂತುಗಳಿಗೆ ಮೆತ್ತಿ, ಉಜ್ಜಿ, ಅಲ್ಲಿ ಯಾವತ್ತೂ ಏನೂ ಇರಲಿಲ್ಲ ಅನ್ನುವ ಹಾಗೆ ಮಾಡಿದೆ. ಕೈ ಚೆನ್ನಾಗಿ ಓಡಿತ್ತು ಅಂತ ಖುಷಿಪಟ್ಟೆ.

ಯಾಕೆ ಬಿಚ್ಚಿದೆ ಅಂದರೆ, ಮಹಾಲಯಕ್ಕೆ ಮುಂಚಿನ ಭಾನುವಾರ ಮಂಡ್ಯದಲ್ಲಿ ಹಳೇ ಗಾಡಿಗಳ ಮೇಳ ಇತ್ತು. ಕಾರ್ಖಾನೆಯದಲ್ಲದ ಒಂದೊಂದಕ್ಕೂ ಅಂಕ ಕಡಿತ. ಕಾರಿನ ನಾಲ್ಕು ಚಕ್ರಕ್ಕೂ ಹಳೇ ವೀಲ್ ಕ್ಯಾಪು ನನಗೆ ಎಲ್ಲೂ ಸಿಕ್ಕಿರಲಿಲ್ಲ. ಅವು ಅದ್ನಾನ್ ಹತ್ತಿರ ಇದ್ದವು. ಅವನಿಗೆ ಬೇಕಾಗಿದ್ದದ್ದು ಆ ಕಂಬಿ. ಯಾಕೆಂದರೆ ಹೊಳಲಿನ ಒಂದು ಆಲೆಮನೆಯ ಹಿಂದೆ ಸೌದೆ ತುಂಬಿಕೊಂಡು ನಿಂತಿದ್ದ ಮೂತಿ ಬಸ್ಸೊಂದನ್ನು ಅವನು ತಂದು ರಿಪೇರಿ ಮಾಡುತ್ತಿದ್ದ, ಅದರ ಮುಂಬಾಗಿಲಲ್ಲಿ ಕಂಬಿ ಇರಲಿಲ್ಲ. ನಂಬರು ನೋಡಿದ ತಕ್ಷಣ ನನಗೆ ತಿಳಿಯಿತು. ಅದು ಅಪ್ಪನ ಬಸ್ಸು.

ಅಷ್ಟು ಸಾಕಾಯಿತು ನನಗೆ. ಅಪ್ಪನ ಬಸ್ಸಿನ ಕಂಬಿ ಅಪ್ಪನ ಬಸ್ಸಿಗೇ ಸೇರಿತು, ಇದಕ್ಕಿಂತ ಪುಣ್ಯದ ಕೆಲಸ ಉಂಟಾ ಅಂತ ನನಗೆ ನಾನೇ ಹೇಳಿಕೊಂಡೆ. ಗೇಣುದ್ದದ ಕಂಬಿಗೆ ಅವನು ತುದಿ ಬೆಸೆದು ಉದ್ದ ಮಾಡಿಕೊಳ್ಳುತ್ತೇನೆ ಅಂದ. ಅವ್ವ ತಿಂಗಳಿಗೆ ಒಂದೋ ಎರಡೋ ಸಲ ಕಾರು ಹತ್ತುತ್ತಾಳೆ, ಕೈ ಹಿಡಿದು ಇಳಿಸಿದರಾಯಿತು ಅಂತ ಲೆಕ್ಕ ಹಾಕಿದೆ. ನಾಲ್ಕು ವೀಲ್ ಕ್ಯಾಪಿಗೆ ಅವ್ವನ ಕಂಬಿ ಕೊಟ್ಟೆ. ಬಹುಮಾನ ಬಂತು.

ಹೋದ ವಾರ ಮದ್ದೂರಿಗೆ ಹೋಗಿ ಅದ್ನಾನ್ ಮುಂದೆ ನಿಂತೆ. ಬಸ್ಸು ಎಷ್ಟು ಚೆನ್ನಾಗಿ ಮಾಡಿದ್ದಾನೆ ಗೊತ್ತಾ, ಅಂಥ ಹೊತ್ತಿನಲ್ಲೂ ನನ್ನ ಕಣ್ಣು ಮೊದಲು ಅದರ ಮೂತಿಯ ಮೇಲೇ ಹೋಯಿತು, ಇದನ್ನೂ ಹೇಳಿಬಿಡುತ್ತೇನೆ. ಎಲ್ಲಕ್ಕೂ ಬಣ್ಣ ಹೊಡೆದಿದ್ದ, ಕಂಬಿಗೆ ಮಾತ್ರ ಇಲ್ಲ. ಕೈ ಉಜ್ಜಿ ಉಜ್ಜಿ ಹೊಳೆಯುತ್ತಿರುವುದರ ಮೇಲೆ ಬಣ್ಣ ಬಳಿಯಲು ಮನಸ್ಸು ಬರಲಿಲ್ಲವಂತೆ. ಕಂಬಿ ವಾಪಸ್ ಬೇಕು ಅಂದೆ. ಅವನು ನಕ್ಕ. ‘ಕೊಟ್ಟಿದ್ನ ಕೇಳಂಗಿಲ್ಲ ಅಂತ ನೀವೇ ಅಲ್ವಾ ಅಕ್ಕ ರೂಲ್ಸ್ ಮಾಡಿದ್ದು? ಒರಿಜಿನಲ್ಲು ಒರಿಜಿನಲ್‌ಗೇ ಸೇರ್ಬೇಕು ಅಂತ ಹೇಳ್ಕೊಟ್ಟಿದ್ದೂ ನೀವೇ’ ಅಂದ. ನಾನು ಹೇಳಿಕೊಟ್ಟ ಪಾಠವನ್ನು ಒಂದಕ್ಷರ ಬಿಡದೆ ನನಗೇ ಒಪ್ಪಿಸಿದ.

ಆಗ ಎಲ್ಲ ಹೇಳಿದೆ. ಅವ್ವ ಬಿದ್ದದ್ದು, ಮಣಿಕಟ್ಟು ಮುರಿದದ್ದು, ನಿನ್ನ ಮುಂದೆ ಅವನ ಹೆಸರು ಹೇಳಿದ್ದು. ಅವನ ನಗು ನಿಂತುಹೋಯಿತು. ‘ಇದು ಅವ್ವ ಇಡ್ಕೊಳ್ಳೋ ಕಂಬಿ ಅಂತ ಒಂದ್ ಮಾತು ಹೇಳಿದ್ರೆ ನಾನು ಈಸ್ಕೊತಿದ್ನಾ ಅಕ್ಕ?’ ಅಂತ ಕೇಳಿದ. ಇಲ್ಲ, ಅದಕ್ಕೇ ಹೇಳಲಿಲ್ಲ ಅಂದೆ. ಒಳಗೆ ಹೋಗಿ ಬೋಲ್ಟು ಬಿಚ್ಚುವ ಪಾನ ತಂದ. ‘ಬಸ್ಗೆ ಇನ್ನೊಂದ್ ಕಂಬಿ ಸಿಕ್ತದೆ. ನಿಮ್ಮವ್ವಂಗೆ ಇನ್ನೊಂದ್ ಕೈ ಸಿಕ್ಕದಾ?’ ಅಂದ. ಬೆಸೆದಿದ್ದ ತುದಿಗಳನ್ನು ಕೊಯ್ದು ಮತ್ತೆ ಗೇಣುದ್ದ ಮಾಡಿ ಕೊಟ್ಟ. ವೀಲ್ ಕ್ಯಾಪುಗಳನ್ನು ಕೊಡಲು ಹೋದರೆ ಮುಟ್ಟಲಿಲ್ಲ. ಕಾರಿಗೆ ಅವನೇ ಹಾಕಿಕೊಡಲಿ ಅಂತ ಕೇಳಿದ್ದಕ್ಕೆ, ‘ಬಿಚ್ಚಿದ್ದು ನೀವು, ಆಕೋದೂ ನೀವೇ’ ಅಂದು ಒಳಗೆ ಹೋದ. ಮುಂಚೆ ಮದ್ದೂರಿಗೆ ಹೋದರೆ ಟೀ ಕುಡಿಯದೆ ಬಿಡುತ್ತಿರಲಿಲ್ಲ. ಅವತ್ತು ಟೀ ಮಾತೇ ಬರಲಿಲ್ಲ.

ನಿನ್ನೆ ಹಾಕಿದೆ. ಹೊಸ ಬಣ್ಣದ ಮೇಲೆ ಡ್ರಿಲ್ ಇಟ್ಟು ಹಳೇ ತೂತುಗಳನ್ನು ಹುಡುಕಿ ಕೊರೆಯಬೇಕಾಯಿತು. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಾಗ ಡ್ರಿಲ್ ನಿಲ್ಲಿಸಿ ಅದನ್ನು ಬೆರಳಲ್ಲಿ ಒತ್ತಿ ಕೂರಿಸಲು ನೋಡಿದೆ. ಅವ್ವನ ಕೈ ಮುರಿದ ಮೇಲೂ ನನಗೆ ಬಣ್ಣಕ್ಕಾಗಿ ನೋವಾಗುತ್ತದೆಯಲ್ಲ ಅಂತ ಶೆಡ್ಡಿನಲ್ಲಿ ಕೂತು ಅತ್ತೆ. ಈ ಪ್ರೀತಿ ನನ್ನನ್ನು ಬಿಡುವುದಿಲ್ಲ ಅಕ್ಕ, ನಾನು ಸುಳ್ಳು ಹೇಳಲಾರೆ. ಆದರೆ ಅದರ ಅಂಕೆ ತಪ್ಪಿಸಿದವಳು ನಾನು, ಕಾರಲ್ಲ. ಎದ್ದ ಬಣ್ಣವನ್ನು ಹಾಗೇ ಬಿಟ್ಟಿದ್ದೇನೆ. ವೈರಿನ ಸೀಟು ಅಟ್ಟದಲ್ಲೇ ಇತ್ತು, ಹಾಕಿದ್ದೇನೆ. ಮಾದಪ್ಪನ ಪಟ ಹರಿದು ಹೋಗಿದೆ, ಅದಕ್ಕೆ ನಾನೇನೂ ಮಾಡಲಾರೆ. ಕಪ್ಪಿನಲ್ಲಿ ಈಗ ಬೋಲ್ಟು ಹಾಕಿಟ್ಟಿದ್ದೇನೆ.

ಅವ್ವ ನಿನ್ನ ಕೈಯಿಂದ ಊಟ ಮಾಡಿಸಿಕೊಳ್ಳುವುದಕ್ಕೆ ಎಷ್ಟು ಮುನಿಯುತ್ತಾಳೆ, ಎಡಗೈಯಲ್ಲಿ ಚಮಚ ಹಿಡಿದು ಮುದ್ದೆ ಮುರಿಯಲು ಹೋಗಿ ತಟ್ಟೆಯನ್ನೇ ಹೇಗೆ ಬೀಳಿಸಿದಳು ಅಂತೆಲ್ಲ ಶಿವರಾಜು ಹೇಳಿದರು. ಬಂದವರಿಗೆಲ್ಲ ‘ನಾನೇ ನೋಡ್ದಂಗೆ ಕೈ ಚಾಚ್ಬುಟ್ಟೆ, ನಂದೇ ತೆಪ್ಪು, ಆ ಮಗೀಗೇನೂ ಅನ್ಬ್ಯಾಡಿ’ ಅನ್ನುತ್ತಿದ್ದಾಳಂತೆ. ನೀನು ಬೈದದ್ದನ್ನು ತಡೆದುಕೊಳ್ಳುತ್ತೇನೆ. ಅವಳ ಈ ಮಾತನ್ನು ತಡೆದುಕೊಳ್ಳಲಾರೆ.

ಶಿವರಾಜು ಕಾರನ್ನು ನಿಮ್ಮ ಬಾಗಿಲಲ್ಲಿ ನಿಲ್ಲಿಸಿ ಬಸ್ಸಿಗೆ ವಾಪಸ್ ಬರುತ್ತಾರೆ. ಕೀ ನಿನ್ನ ಹತ್ತಿರ ಇರಲಿ. ಸೋಮವಾರ ನಾನು ಬರುವುದು ನಿನಗೆ ಬೇಡವಾದರೆ ಭಾವ ಓಡಿಸಲಿ. ನಾನು ಆಸ್ಪತ್ರೆ ಬಾಗಿಲಲ್ಲಿ ದೂರ ನಿಂತು ಅವ್ವನನ್ನು ನೋಡಿಕೊಂಡು ಹೋಗುತ್ತೇನೆ. ಬಾ ಅಂದರೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ಏನೇ ಆದರೂ ಅವಳು ಬೇರೆ ಯಾರದೋ ಕಾರಿನಲ್ಲಿ, ಹಿಡಿಯಲು ಏನೂ ಇಲ್ಲದೆ ಬರುವುದು ಬೇಡ. ಅವಳನ್ನು ಕೂರಿಸುವ ಮುಂಚೆ ಕಂಬಿಯನ್ನು ನೀನೇ ಹಿಡಿದು, ಬಲವಾಗಿ ಎಳೆದು ನೋಡು. ನಾನು ಗಟ್ಟಿಯಾಗಿದೆ ಅಂದೆ ಅಂತ ಬಿಡಬೇಡ. ಅವ್ವನ ಕೈಗೂ ಒಂದು ಸಲ ಮುಟ್ಟಿಸು.

ಇಂತಿ,
ನಿನ್ನಿಂದ ಬೈಸಿಕೊಳ್ಳಲು ಕಾಯುತ್ತಿರುವ ತಂಗಿ,
ದೀಪಿಕ

ತಾ.ಕ.: ಮೇಲಿನದನ್ನು ಬರೆದು ಮಡಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಇನ್ನೊಂದಿದೆ ಅಕ್ಕ, ಅವ್ವ ಅದನ್ನು ನಿನಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಾನು ಗಾಡಿ ತರುವ ಹಿಂದಿನ ದಿನ, ವಿಜಯದಶಮಿ ಸಂಜೆ, ಅವಳು ನನಗೆ ಫೋನ್ ಮಾಡಿದ್ದಳು. ‘ಎಲ್ಲಾ ಒಸ್ದು ಮಾಡ್ಸಿದ್ದೀಯಂತೆ, ಕಂಬಿ ಅದೆ ತಾನೆ ಮಗ? ಅದಿದ್ರೆ ಬತ್ತೀನಿ, ಇಲ್ದಿದ್ರೆ ನಾನ್ ಅತ್ತಾಕಿಲ್ಲ’ ಅಂದಳು. ನಾನು ‘ಅದೆ ಕಣವ್ವ’ ಅಂದೆ. ಅವಳು ನೋಡದೆ ಕೈ ಚಾಚಿದ್ದು ನನ್ನ ಆ ಮಾತನ್ನು ನಂಬಿ.